ರೆಕ್ಕೆಗೆ ಬಿದ್ದ ಸೀಟುಗಂಟು

ಮೂವತ್ತು ವರ್ಷ ಊರಿನ ಜನ ಸೀಟಕ್ಕನ ಕೆಲಸದ ಮೇಲೆ ಕೂತು ಓಡಾಡಿದರು. ಬೆಳಿಗ್ಗೆ ಕೂತು ಆಫೀಸಿಗೆ ಹೋದರು, ಸಂಜೆ ಕೂತು ಮನೆಗೆ ಬಂದರು, ಬೇಜಾರಾದಾಗ ಬ್ಲೇಡಿನಿಂದ ಕುಯ್ದರು, ಪ್ರೀತಿ ಉಕ್ಕಿದಾಗ ಪೆನ್ನಿನಿಂದ ಹೆಸರು ಕೆತ್ತಿದರು. ತಮ್ಮ ಹೆಸರು, ತಮಗೆ ಬೇಕಾದವರ ಹೆಸರು. ಈ ಸೀಟನ್ನು ಹೊಲಿದವರು ಯಾರು ಎಂದು ಒಬ್ಬರಾದರೂ ಕೇಳಿದ್ದುಂಟೇ? ಕೇಳಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಸೀಟಕ್ಕ ಎಂಬುದು ಬಸ್ ಡಿಪೋದವರು ಇಟ್ಟ ಹೆಸರು. ಡಿಪೋದ ಗೇಟಿಗೆ ಎದುರಾಗಿ ಅವಳ ಮಳಿಗೆ. ಹರಿದ ಸೀಟು ಬಂದರೆ ರೆಕ್ಸಿನ್ ಬಿಚ್ಚಿ, ಸ್ಪಂಜು ಬದಲಾಯಿಸಿ, ಹೊಸ ಹೊದಿಕೆ ಹೊಲಿದು, ಗೇಣುದ್ದದ ಸೂಜಿಯಿಂದ ಅದನ್ನು ಚೌಕಟ್ಟಿಗೆ ಕಟ್ಟಿ ಕಳಿಸುವುದು. ಹಾಗೆ ಕಟ್ಟುವ ಗಂಟಿಗೆ ಮಳಿಗೆಯಲ್ಲಿ ‘ಬಿಗಿ’ ಎಂದು ಹೆಸರು. ಸ್ಪಂಜು ಎರಡು ದಿನ ಕೂತು ತಗ್ಗಿದ ಮೇಲೆ ದಾರದ ತುದಿ ಹಿಡಿದು ಜಗ್ಗಿದರೆ ಗಂಟು ಜಾರಿ ಇನ್ನಷ್ಟು ಗಟ್ಟಿಯಾಗುತ್ತಿತ್ತು, ಅದೇ ಅದರ ಜಾಣತನ. ಸೀಟಕ್ಕನ ಬೆರಳುಗಳಿಗೆ ಅದು ಎಷ್ಟು ಒಗ್ಗಿಹೋಗಿತ್ತೆಂದರೆ, ಕಣ್ಣು ಬೀದಿಯ ಮೇಲಿಟ್ಟು, ಬಾಯಲ್ಲಿ ಯಾರನ್ನೋ ಬೈಯುತ್ತಾ ದಿನಕ್ಕೆ ನೂರಿನ್ನೂರು ಹಾಕಿ ಎಸೆಯುತ್ತಿದ್ದಳು. ಮಳಿಗೆ ಶುರುಮಾಡಿದ್ದು ಗಂಡ. ಅವನು ತೀರಿಕೊಂಡು ಇಪ್ಪತ್ತೆರಡು ವರ್ಷವಾದರೂ ಬೋರ್ಡಿನ ಮೇಲೆ ಅವನ ಹೆಸರೇ ಇತ್ತು, ಡಿಪೋದ ಕಾಗದಗಳೂ ಅವನ ಹೆಸರಿಗೇ ಬರುತ್ತಿದ್ದವು. ಸತ್ತವನು ದಿನಕ್ಕೆ ಎಂಟು ಸೀಟು ಹೊಲಿಯುತ್ತಾನೆಂದು ನಂಬಲು ಡಿಪೋದ ಗುಮಾಸ್ತನಿಗೆ ಏನೂ ಕಷ್ಟವಾಗಲಿಲ್ಲ.

ವಿಮಾನದ ಹುಚ್ಚು ಅವಳಿಗೆ ಹತ್ತಿದ್ದು ಒಂದು ಹರಕಿನಿಂದ. ಊರಾಚೆ ದೊಡ್ಡ ಜಲಾಶಯವಿದೆ. ಒಂದು ಮಧ್ಯಾಹ್ನ ಪುಟ್ಟ ವಿಮಾನವೊಂದು ಬಾತುಕೋಳಿಯ ಹಾಗೆ ಅದರ ನೀರಿಗೆ ಬಂದಿಳಿಯಿತು. ಗಾಲಿ ಒಳಗೆಳೆದುಕೊಂಡರೆ ನೀರಿನಲ್ಲಿ, ಗಾಲಿ ಹೊರಬಿಟ್ಟರೆ ನೆಲದ ಮೇಲೆ ಇಳಿಯುವ ಜಾತಿಯದು. ದಡಕ್ಕೆ ತೇಲಿ ಬರುವಾಗ ಒಣಮರದ ಕೊಂಬೆ ತಗುಲಿ ರೆಕ್ಕೆ ಹರಿಯಿತು. ದೊಡ್ಡ ಸೂಜಿ, ಗಟ್ಟಿ ದಾರ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡು ಅದನ್ನು ಹಾರಿಸುವವನು ಸೀಟಕ್ಕನ ಮಳಿಗೆಗೆ ಬಂದ. ಅವಳು ದಡಕ್ಕೆ ಹೋಗಿ ರೆಕ್ಕೆಯ ಮೇಲೆ ಕೈಯಿಟ್ಟಳು. ಆಗ ಅವಳಿಗೆ ಮೊದಲು ಬಂದದ್ದು ಬೆರಗಲ್ಲ, ಸಿಟ್ಟು. ರೆಕ್ಕೆ ಎಂದರೆ ಬಟ್ಟೆ. ಒಳಗೆ ಅಲ್ಯೂಮಿನಿಯಂ ಪಕ್ಕೆಲುಬುಗಳು, ಮೇಲೆ ಬಿಗಿದ ಬಟ್ಟೆ, ಬಟ್ಟೆಯನ್ನು ಪಕ್ಕೆಲುಬಿಗೆ ಹಿಡಿದಿಟ್ಟ ದಾರ. ಮೂವತ್ತು ವರ್ಷದಿಂದ ಅವಳು ಮಾಡುತ್ತಾ ಬಂದದ್ದೂ ಅದನ್ನೇ. ವಿಮಾನವೆಂದರೆ ದೊಡ್ಡವರ ವಿಷಯ, ಓದಿದವರ ವಿಷಯ ಎಂದು ಇಷ್ಟು ಕಾಲ ಕತ್ತೆತ್ತಿ ನೋಡುವ ಹಾಗೆ ಮಾಡಿ ತನಗೆ ಟೋಪಿ ಹಾಕಿದರಲ್ಲ ಎಂದು ಅವಳ ಮೈ ಉರಿಯಿತು.

“ಇಷ್ಟೇನಾ?” ಎಂದಳು.

ಹಾರಿಸುವವನು ನಕ್ಕ. ತೇಪೆ ಹಾಕಿಸಿಕೊಂಡು ಹಾರಿಹೋದ. ಆ ನಗು ಮಾತ್ರ ಸೀಟಕ್ಕನ ಗಂಟಲಲ್ಲಿ ಸಿಕ್ಕಿಕೊಂಡೇ ಉಳಿಯಿತು.

ಮಾರನೆಯ ವರ್ಷ ಡಿಪೋ ಅಚ್ಚಿನಲ್ಲಿ ತೆಗೆದ ಪ್ಲಾಸ್ಟಿಕ್ ಸೀಟುಗಳನ್ನು ತರಿಸಿತು. ಅವಕ್ಕೆ ಹೊಲಿಗೆ ಬೇಡ, ಸ್ಪಂಜು ಬೇಡ, ಸೀಟಕ್ಕನೂ ಬೇಡ. ಇಷ್ಟು ವರ್ಷದ ಸೇವೆಗೆ ವಂದನೆ ಹೇಳುವ ಪತ್ರ ಬಂತು, ಅದೂ ಗಂಡನ ಹೆಸರಿಗೆ. ಅದನ್ನು ನಾಲ್ಕಾಗಿ ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಳು. ಮಳಿಗೆಯ ಮುಂಭಾಗವನ್ನು ಮಾರಿದಳು, ಹಿಂದಿನ ಉದ್ದನೆಯ ಶೆಡ್ ಉಳಿಸಿಕೊಂಡಳು. ಮುಂದೇನು ಎಂದು ತಮ್ಮ ಕೇಳಿದಾಗ ಅವನ ಮುಂದೆ ಒಂದು ಕ್ಯಾಟಲಾಗ್ ಹಾಕಿದಳು. ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ, ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ, ನೀರಿನಲ್ಲೂ ನೆಲದಲ್ಲೂ ಇಳಿಯುವ ಎರಡು ಸೀಟಿನ ವಿಮಾನ.

ತಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಪಕ್ಕದ ಮನೆಯಲ್ಲೇ ಇದ್ದ. ಭಾನುವಾರಗಳಂದು ಹಾರಾಟದ ಕ್ಲಬ್ಬಿಗೆ ಹೋಗಿ ಹಾರುವುದನ್ನು ಕಲಿತು ಲೈಸೆನ್ಸ್ ಪಡೆದಿದ್ದ. ಹಾರಲು ಬರುತ್ತಿತ್ತು, ಹಾರಲು ವಿಮಾನವಿರಲಿಲ್ಲ. ಅಕ್ಕನ ಮಾತು ಕೇಳಿ ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಕಂಪನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಟ್ಟ, ನಿಯಮಗಳ ಪುಸ್ತಕ ತರಿಸಿ ಅವಳಿಗೆ ಓದಿ ಹೇಳಿದ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಯಾರು ಸ್ವಂತ ಕೈಯಿಂದ ಮಾಡುತ್ತಾರೋ ಅವರೇ ಕಾನೂನಿನ ಕಣ್ಣಿನಲ್ಲಿ ‘ಕಟ್ಟಿದವರು’. ಅವರ ಹೆಸರನ್ನು ಲೋಹದ ಫಲಕದಲ್ಲಿ ಕೊರೆದು ವಿಮಾನದೊಳಗೆ ಬಡಿಯಬೇಕು. ಮುಂದೆ ಅದನ್ನು ಬಿಚ್ಚಿ ರಿಪೇರಿ ಮಾಡುವ ಹಕ್ಕೂ ಅವರೊಬ್ಬರದೇ. ಬೇರೆಯವರು ಅವರ ಅಪ್ಪಣೆಯಿಲ್ಲದೆ ಒಂದೇ ಒಂದು ಹೊಲಿಗೆ ಹಾಕಿದರೂ ಅಪರಾಧ.

ಈ ಭಾಗವನ್ನು ಸೀಟಕ್ಕ ಎರಡು ಸಲ ಓದಿಸಿಕೊಂಡಳು. ಹೆಸರು ಕೊರೆದು ಬಡಿಯಲೇಬೇಕೆಂದು ಕಾನೂನೇ ಹೇಳುತ್ತದೆ ಎಂದರೆ ಅವಳಿಗೆ ನಂಬಿಕೆಯೇ ಬರಲಿಲ್ಲ.

ಮೂರು ಮರದ ಪೆಟ್ಟಿಗೆಗಳು ಲಾರಿಯಲ್ಲಿ ಬಂದವು. ಬೋಲ್ಟುಗಳ ಒಂದು ಪೊಟ್ಟಣವೇ ಇರಲಿಲ್ಲ. ತಮ್ಮನ ಕೈಯಲ್ಲಿ ಬರೆಸಿ, ಕೆಳಗೆ ತನ್ನ ಹೆಸರು ಹಾಕಿ ಕಳಿಸಿದ ದೂರಿಗೆ ಕಂಪನಿಯಿಂದ ‘ಡಿಯರ್ ಸರ್’ ಎಂದು ಉತ್ತರ ಬಂತು. ಎರಡನೆಯ ಪತ್ರಕ್ಕೂ ‘ಡಿಯರ್ ಸರ್’. ಮೂರನೆಯದಕ್ಕೆ ಬೋಲ್ಟುಗಳು ಬಂದವು, ಜೊತೆಗಿದ್ದ ಚೀಟಿಯಲ್ಲಿ ಮತ್ತೆ ಅದೇ ಸರ್.

ಕೆಲಸ ಹದಿನಾಲ್ಕು ತಿಂಗಳು ನಡೆಯಿತು. ದೋಣಿಯಂಥ ಒಡಲು ಕಡಲೆಕಾಯಿಯ ಸಿಪ್ಪೆಯ ಹಾಗೆ ಎರಡು ಹೋಳಾಗಿ ಬಂದಿತ್ತು. ಫೈಬರ್ ಬಟ್ಟೆ ಹಾಸಿ ರೆಸಿನ್ ಎಂಬ ಅಂಟು ಬಳಿದು ಅವೆರಡನ್ನು ಒಂದು ಮಾಡಬೇಕು. ರೆಸಿನ್ ಕಲಸಿದ ಇಪ್ಪತ್ತು ನಿಮಿಷದೊಳಗೆ ಬಳಿದು ಮುಗಿಸದಿದ್ದರೆ ಅದು ಡಬ್ಬದಲ್ಲೇ ಕಲ್ಲಾಗುತ್ತದೆ. ಸರಿಯಾಗಿ ಆ ಇಪ್ಪತ್ತು ನಿಮಿಷದಲ್ಲೇ ಬೀದಿಯವರು ಯಾರಾದರೂ ಬಂದು ಬಾಗಿಲಲ್ಲಿ ನಿಂತು, ನಿಮ್ಮ ತಮ್ಮನ ವಿಮಾನ ಎಲ್ಲಿಯವರೆಗೆ ಬಂತು ಎಂದು ಕೇಳಬೇಕು. ತಮ್ಮನ ವಿಮಾನವಂತೆ! ತಮ್ಮ ಶಾಲೆ ಬಿಟ್ಟ ಮೇಲೆ ನಾಲ್ಕೂವರೆಗೆ ಬಂದು ಆರೂವರೆಗೆ ಹೋಗುತ್ತಿದ್ದ. ಪೆಟ್ಟಿಗೆಯ ಜೊತೆ ಬಂದ ಜೋಡಣೆಯ ಇಂಗ್ಲಿಷ್ ಪುಸ್ತಕವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದ, ಹಿಡಿ ಎಂದಿದ್ದನ್ನು ಹಿಡಿಯುತ್ತಿದ್ದ, ಅಳತೆಯನ್ನು ಎರಡನೆಯ ಸಲ ನೋಡುತ್ತಿದ್ದ. ಬೆಳಿಗ್ಗೆ ಎಂಟರಿಂದ ರೆಸಿನ್ ವಾಸನೆ ಕುಡಿಯುತ್ತಾ, ಮೊಣಕೈವರೆಗೆ ಫೈಬರ್ ಚುಚ್ಚಿಸಿಕೊಂಡು ನವೆಯಲ್ಲಿ ಒದ್ದಾಡುತ್ತಿದ್ದವಳು ಸೀಟಕ್ಕ. ರೆಕ್ಕೆಗೆ ಅಂಟಿಸಿದ ಬಟ್ಟೆ ಸೆಳೆದು ಬಿಗಿಯಾಗಲು ಶಾಖ ಅಳೆದುಕೊಂಡು ಇಸ್ತ್ರಿ ಪೆಟ್ಟಿಗೆ ಆಡಿಸಬೇಕಿತ್ತು. ಅದನ್ನು ನೋಡಿ, ವಿಮಾನಕ್ಕೂ ಇಸ್ತ್ರಿನಾ ಎಂದು ನಗಾಡಿದ ಎದುರುಮನೆಯವನಿಗೆ ಅವಳು, ನಿಮ್ಮ ಅಂಗಿ ಸುಕ್ಕಾದರೆ ನೀವೇನೂ ಆಕಾಶದಿಂದ ಬೀಳುವುದಿಲ್ಲವಲ್ಲ ಎಂದು ತಲೆಯೆತ್ತದೆ ಉತ್ತರ ಕೊಟ್ಟಳು.

ಹೊಲಿಗೆ ಕಡೆಯ ಕೆಲಸ. ರೆಕ್ಕೆಯನ್ನು ಅಂಚಿನ ಮೇಲೆ ಗೋಡೆಯ ಹಾಗೆ ನಿಲ್ಲಿಸಿದರು. ಈಚೆ ಬದಿ ಸೀಟಕ್ಕ, ಆಚೆ ಬದಿ ತಮ್ಮ. ಅವಳು ಪಕ್ಕೆಲುಬಿನ ಒತ್ತಿಗೆ ಸೂಜಿ ಚುಚ್ಚಿ ಆಚೆ ದೂಡಬೇಕು, ಅವನು ಅದನ್ನು ಪಕ್ಕೆಲುಬಿನ ಇನ್ನೊಂದು ಮಗ್ಗುಲಿನಿಂದ ಈಚೆ ದೂಡಬೇಕು, ಅವಳು ಗಂಟು ಹಾಕಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಮೊದಲ ಗಂಟಿಗೆ ಮುಂಚೆ ತಮ್ಮ ಆಚೆಯಿಂದ ಪುಸ್ತಕ ಓದಿ ಹೇಳಿದ: ದಾರವನ್ನು ಹೀಗೆ ಸುತ್ತಿ, ಹೀಗೆ ತಂದು, ಕೊನೆಗೆ ಬಿಗಿ ಹಾಕಬೇಕು.

ಬಿಗಿ ಹಾಕುವುದನ್ನು ಸೀಟಕ್ಕನಿಗೆ ಹೇಳಿಕೊಡಬೇಕೇ? ಪುಸ್ತಕದಲ್ಲಿದ್ದ ಚಿತ್ರ ನೋಡುವ ಗೋಜಿಗೂ ಹೋಗಲಿಲ್ಲ. ಒಂದು ರೆಕ್ಕೆಗೆ ಮುನ್ನೂರ ಎಂಟು, ಎರಡಕ್ಕೆ ಆರುನೂರ ಹದಿನಾರು ಗಂಟು, ಎಲ್ಲವೂ ಒಂದೇ ಗೆರೆಯಲ್ಲಿ ಸಾಲಾಗಿ ಕೂತವು. ಅವುಗಳ ಮೇಲೆ ಕೈಯಾಡಿಸಿ ನೋಡಿದಾಗ ಅವಳಿಗೆ ಹೆಮ್ಮೆಯಾಯಿತು.

ಇನ್ನೊಂದು ಕೆಲಸವನ್ನು ಅವಳು ಪುಸ್ತಕ ಕೇಳದೆ ಮಾಡಿದಳು. ಗಾಲಿ ಎತ್ತುವುದನ್ನು ಮರೆತು ನೀರಿಗಿಳಿದರೆ ಇಂಥ ವಿಮಾನ ಮುಗ್ಗರಿಸಿ ಮಗುಚಿಕೊಳ್ಳುತ್ತದೆ ಎಂದು ತಮ್ಮ ಹೇಳಿದ್ದ. ಒಳಗೆ ಕೂತವರಿಗೆ ಗಾಲಿ ಕಾಣುವುದಿಲ್ಲ, ಲಿವರ್ ನೋಡಿ ನಂಬಿಕೊಳ್ಳಬೇಕು. ಇದೆಂಥಾ ನಂಬಿಕೆ ಎಂದು ಅವಳು ರೇಗಿದಳು. ಡಿಪೋದ ಗುಜರಿಯಿಂದ ಬಸ್ಸಿನ ಪುಟ್ಟ ದುಂಡುಕನ್ನಡಿಯೊಂದನ್ನು ತಂದು, ರೆಕ್ಕೆಯ ತುದಿಗೆ ಆಸರೆಯಾಗಿ ತೇಲುವ ಬುರುಡೆಯ ಕಂಬಕ್ಕೆ ಬಿಗಿದಳು. ಈಗ ಸೀಟಿನಲ್ಲಿ ಕೂತು ಒಂದು ನೋಟ ಹರಿಸಿದರೆ ಗಾಲಿ ಮೇಲಿದೆಯೋ ಕೆಳಗಿದೆಯೋ ಎಂಬುದು ಕಣ್ಣಿಗೇ ಕಾಣುತ್ತಿತ್ತು.

ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ ಬಣ್ಣ ಬಳಿಯುವ ಮುಂಚೆ ತಪಾಸಣೆಯ ಅಧಿಕಾರಿ ಬಂದು ನೋಡಬೇಕಿತ್ತು. ಅವರು ಬರುವ ದಿನ ತಿಳಿಸುವ ಕಾಗದ ಅಂಚೆಯಲ್ಲಿ ಬಂತು, ಜೊತೆಗೆ ತಮ್ಮ ಕ್ಲಬ್ಬಿನ ಮೂಲಕ ಹಾಕಿದ್ದ ಅರ್ಜಿಯ ನಕಲು. ಕಟ್ಟಿದವರ ಹೆಸರು ಎಂಬಲ್ಲಿ ತಮ್ಮನ ಹೆಸರಿತ್ತು. ವೃತ್ತಿ ಎಂಬಲ್ಲಿ ಶಿಕ್ಷಕ ಎಂದಿತ್ತು. ಸಹಾಯಕರು ಎಂಬಲ್ಲಿ ಒಂದು ಸಣ್ಣ ಗೀಟು.

ಸೀಟಕ್ಕ ಆ ಗೀಟನ್ನು ಬಹಳ ಹೊತ್ತು ನೋಡಿದಳು. ಸಂಜೆ ತಮ್ಮ ಬರುತ್ತಲೇ ಕಾಗದವನ್ನು ಅವನ ಮುಖಕ್ಕೆ ಹಿಡಿದಳು. ಅವನು ತಡವರಿಸಿದ. ಸೀಟು ಹೊಲಿಯುವ ಹೆಂಗಸಿನ ಹೆಸರು ಹಾಕಿದರೆ ನೂರೆಂಟು ಪ್ರಶ್ನೆ ಬರುತ್ತವೆ, ಮೇಷ್ಟ್ರು ಎಂದರೆ ಸಲೀಸು ಎಂದು ಕ್ಲಬ್ಬಿನ ಕಾರ್ಯದರ್ಶಿ ಹೇಳಿದ್ದನಂತೆ.

“ಹೆಸರು ಯಾರದ್ದಾದರೇನು ಅಕ್ಕ, ವಿಮಾನ ನಮ್ಮದೇ ಅಲ್ವಾ?”

“ಯಾರದ್ದಾದರೂ ಆಗೋ ಹಾಗಿದ್ರೆ ನಂದು ಯಾಕೆ ಆಗಲಿಲ್ಲ?”

ಈಗ ಬದಲಾಯಿಸಲು ಹೋದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ ಎಂದಷ್ಟೇ ಅವನು ಗೊಣಗಿದ. ಎತ್ತಿ ಆಡಿಸಿ ಬೆಳೆಸಿದ ತಮ್ಮ. ಇನ್ನು ಮುಂದೆ ತಾನು ಹೊಲಿದ ರೆಕ್ಕೆಗೆ ತಾನು ಸೂಜಿ ಹಾಕಬೇಕಾದರೆ ಇವನ ಅಪ್ಪಣೆ ಬೇಕು. ಗಂಡನ ಹೆಸರಿನ ಬೋರ್ಡಿನ ಕೆಳಗೆ ಕೂತದ್ದು ಸಾಲದೆಂದು ಈಗ ತಮ್ಮನ ಹೆಸರಿನ ಫಲಕದ ಕೆಳಗೆ. ಮೂರು ದಿನ ಮುಖ ಗಂಟುಹಾಕಿಕೊಂಡು ಓಡಾಡಿದಳು. ಆದರೂ ಹದಿನಾಲ್ಕು ತಿಂಗಳ ಕೆಲಸ ನೀರಿಗೆ ಇಳಿಯದೆ ಶೆಡ್ಡಿನಲ್ಲೇ ಧೂಳು ತಿನ್ನುವುದನ್ನು ನೆನೆದು, ಬಾಯಿಗೆ ಬೀಗ ಹಾಕಿಕೊಳ್ಳುವುದೆಂದು ತೀರ್ಮಾನಿಸಿದಳು.

ಅಧಿಕಾರಿ ಬೆಳಿಗ್ಗೆ ಹತ್ತಕ್ಕೆ ಬಂದರು. ತೆಳ್ಳಗಿನ ಮನುಷ್ಯ, ಕಡಿಮೆ ಮಾತು. ಬಂದವರೇ ತಮ್ಮನ ಕೈ ಕುಲುಕಿದರು, ಸೀಟಕ್ಕನ ಕಡೆ ತಿರುಗಿ ಕುಡಿಯಲು ಒಂದು ಲೋಟ ನೀರು ಕೇಳಿದರು. ಅವಳು ತಂದಿಟ್ಟ ಲೋಟ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು. ಒಡಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು. ಲಿವರ್ ಎಳೆದು ಗಾಲಿಗಳನ್ನು ಹತ್ತು ಸಲ ಎತ್ತಿ ಇಳಿಸಿದರು. ಕನ್ನಡಿಯ ಹತ್ತಿರ ಬಂದು ನಿಂತರು, ಸೀಟಿನಲ್ಲಿ ಕೂತು ಅದರಲ್ಲಿ ಗಾಲಿಯನ್ನು ನೋಡಿದರು.

“ಇದು ಪುಸ್ತಕದಲ್ಲಿಲ್ಲ. ಒಳ್ಳೆ ತಲೆ ಓಡಿಸಿದ್ದೀರಿ ಮೇಷ್ಟ್ರೇ.”

ತಮ್ಮ ಒಂದು ಗಳಿಗೆ ಅಕ್ಕನ ಕಡೆ ನೋಡಿದ. ಆಮೇಲೆ ನೆಲ ನೋಡಿ, ಏನೋ ಸಣ್ಣ ಉಪಾಯ ಸಾರ್ ಎಂದ. ಸೀಟಕ್ಕನ ಪಿತ್ತ ನೆತ್ತಿಗೇರಿತು. ಬೀಗ ಹಾಕಿದ ಬಾಯನ್ನು ಬಿಚ್ಚದಿರಲು ಇಸ್ತ್ರಿ ಪೆಟ್ಟಿಗೆಯ ವಯರನ್ನು ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ನಿಂತಳು.

ಅಧಿಕಾರಿ ರೆಕ್ಕೆಯ ಹತ್ತಿರ ಹೋದರು. ಜೇಬಿನಿಂದ ಸಣ್ಣ ಕೊಕ್ಕೆಯೊಂದನ್ನು ತೆಗೆದು ಒಂದು ಗಂಟಿನ ಕೆಳಗೆ ಸಿಕ್ಕಿಸಿ ಜಗ್ಗಿದರು. ಗಂಟು ಜಾರಿತು. ಪಕ್ಕದ್ದನ್ನು ಜಗ್ಗಿದರು, ಅದೂ ಜಾರಿತು. ನಾಲ್ಕು ಸಾಲು ದಾಟಿ ಇನ್ನೊಂದನ್ನು ಜಗ್ಗಿದರು. ಜಾರಿತು. ಆಕಾಶದಲ್ಲಿ ಗಾಳಿ ಗಂಟೆಗಟ್ಟಲೆ ಬಟ್ಟೆಯನ್ನು ಮೇಲಕ್ಕೆಳೆಯುತ್ತದೆ, ಅಲ್ಲಿ ಒಂದು ಗಂಟು ಜಾರಿದರೆ ಪಕ್ಕದ್ದು ಜಾರುತ್ತದೆ, ಕೊನೆಗೆ ಬಟ್ಟೆಯೇ ಪಕ್ಕೆಲುಬಿನಿಂದ ಕಿತ್ತುಬರುತ್ತದೆ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂರನೆಯ ಗಂಟು ಜಾರಿದಾಗಲೇ ಸೀಟಕ್ಕನಿಗೆ ಎಲ್ಲ ಅರ್ಥವಾಯಿತು. ಕೂತ ಸ್ಪಂಜಿಗೆ ಜಾಣತನವಾಗಿದ್ದದ್ದು ಹಾರುವ ರೆಕ್ಕೆಗೆ ಪ್ರಾಣಕಂಟಕವಾಗಿತ್ತು.

ಅಧಿಕಾರಿ ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗಿದರು.

“ಇದನ್ನು ಕಟ್ಟಿದವರು ಯಾರು?”

“ಹೊಲಿಗೆ ಮಾತ್ರ ನಮ್ಮಕ್ಕಂದು ಸಾರ್,” ಎಂದ ತಮ್ಮ, ಉಸಿರೆಳೆದುಕೊಳ್ಳುವಷ್ಟೂ ಹೊತ್ತು ತೆಗೆದುಕೊಳ್ಳದೆ.

ಸೀಟಕ್ಕನ ಕೈಯಲ್ಲಿದ್ದ ವಯರು ಕೆಳಗೆ ಬಿತ್ತು. ಕನ್ನಡಿಯನ್ನು ಹೊಗಳಿದಾಗ ಅಕ್ಕ ಇರಲಿಲ್ಲ, ಗಂಟು ಜಾರಿದಾಗ ಅಕ್ಕ ಹುಟ್ಟಿಕೊಂಡಳೇ? ಅವಳು ಮುಂದೆ ಬಂದು ರೆಕ್ಕೆಯ ಪಕ್ಕ ನಿಂತಳು. ದನಿ ಏರಿಸಲಿಲ್ಲ.

“ಹೌದು ಸಾರ್, ಗಂಟು ನಂದು. ತಪ್ಪೂ ನಂದೇ, ಬಸ್ಸಿನ ಸೀಟಿಗೆ ಹಾಕೋ ಗಂಟನ್ನ ಇಲ್ಲಿ ಹಾಕಿದ್ದೀನಿ. ಆದ್ರೆ ನಂದು ಬರೀ ತಪ್ಪೊಂದೇ ಅಲ್ಲ. ನೀವು ತಟ್ಟಿ ನೋಡಿದ ಒಡಲು ನಂದು, ಆ ಗಾಲಿ ನಂದು, ಕನ್ನಡೀನೂ ನಂದು. ಕಟ್ಟಿದವಳು ನಾನು.”

ಅಧಿಕಾರಿ ಕನ್ನಡಕ ತೆಗೆದು ಅವಳನ್ನು ಮೊದಲ ಸಲ ಸರಿಯಾಗಿ ನೋಡಿದರು. ಒಡಲಿನ ಕೂಡುಗೆರೆಗೆ ಎಷ್ಟು ಪದರ ಬಟ್ಟೆ ಹಾಸಿದಿರಿ, ಗಾಲಿಯ ಸರಳು ಎಲ್ಲಾದರೂ ಸಿಕ್ಕಿಹಾಕಿಕೊಳ್ಳುತ್ತಿತ್ತೇ, ಅದಕ್ಕೇನು ಮಾಡಿದಿರಿ ಎಂದು ಒಂದೊಂದಾಗಿ ಕೇಳಿದರು. ಅವಳು ನಿಂತಲ್ಲೇ ಹೇಳುತ್ತಾ ಹೋದಳು. ಕೊನೆಗೆ ಅಧಿಕಾರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅರ್ಜಿ ಈಗಿರುವಂತೆಯೇ ಇದ್ದರೆ, ಗಂಟು ಸರಿಪಡಿಸಿ ಎಂದು ಬರೆದು ತಿಂಗಳು ಬಿಟ್ಟು ಬರುತ್ತೇನೆ. ಕಟ್ಟಿದವರು ನೀವು ಎಂದಾದರೆ ಈ ಅರ್ಜಿ ಸುಳ್ಳು, ರದ್ದು ಮಾಡಬೇಕು. ಹೊಸ ಅರ್ಜಿ ಹಾಕಬೇಕು, ನಮ್ಮ ಕಚೇರಿಯಲ್ಲಿ ಸರದಿ ಬರಲು ವರ್ಷವಾದರೂ ಆಗುತ್ತದೆ. ಗಂಟು ಹೇಗೂ ಬಿಚ್ಚಲೇಬೇಕು.

“ಅಕ್ಕ, ಒಂದು ವರ್ಷ,” ಎಂದು ತಮ್ಮ ಪಿಸುಗುಟ್ಟಿದ.

“ರದ್ದು ಮಾಡಿ ಸಾರ್,” ಎಂದಳು ಸೀಟಕ್ಕ.

ಮಾರನೆಯ ದಿನದಿಂದ ಶೆಡ್ಡಿನಲ್ಲಿ ಕತ್ತರಿಯ ಸದ್ದು ಶುರುವಾಯಿತು. ಬಟ್ಟೆಗೆ ತಾಗದಂತೆ ಒಂದೊಂದೇ ಗಂಟನ್ನು ಕತ್ತರಿಸಿ ದಾರವನ್ನು ಎಳೆದು ತೆಗೆಯಬೇಕು. ಮೂರು ದಿನ ತಮ್ಮ ಈ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ಸಂಜೆ ಪುಸ್ತಕ ಹಿಡಿದು ಬಂದು ಆಚೆ ಬದಿಯಲ್ಲಿ, ಮುಖ ಕಾಣದ ಜಾಗದಲ್ಲಿ ನಿಂತ. ಪುಸ್ತಕದಲ್ಲಿ ಗಂಟನ್ನು ಜಾರದಂತೆ ಲಾಕ್ ಮಾಡಿ ಎಂದಿತ್ತು, ಅದನ್ನು ಬಿಗಿ ಎಂದು ಓದಿದವನು ತಾನು ಎಂದ. ಸೀಟಕ್ಕ ಕತ್ತರಿ ನಿಲ್ಲಿಸದೆ, ಗೊತ್ತು ಎಂದಳು. ಅಧಿಕಾರಿ ಗಂಟು ಜಗ್ಗಿದಾಗಲೇ ಅವಳಿಗೆ ಗೊತ್ತಾಗಿತ್ತು.

“ಮತ್ತೆ ಅವರ ಮುಂದೆ ಯಾಕೆ ಹೇಳಲಿಲ್ಲ?”

“ನೀನು ಮಾಡಿದ್ದನ್ನೇ ನಾನೂ ಮಾಡ್ಲಾ?”

ತಮ್ಮ ಆಚೆ ಬದಿಯಿಂದ ಕತ್ತರಿಸಿದ ದಾರಗಳನ್ನು ಎಳೆದು ತೆಗೆಯತೊಡಗಿದ. ಅವಳು ಸಮಾಧಾನ ಹೇಳಲಿಲ್ಲ, ಹೇಳುವಷ್ಟು ಸಿಟ್ಟು ಇಳಿದಿರಲೂ ಇಲ್ಲ. ಮಾರನೆಯ ದಿನವೂ ಅವನು ಬಂದ, ಅದರ ಮಾರನೆಯ ದಿನವೂ ಬಂದ. ಹಳೆಯ ದಾರವೆಲ್ಲ ಹೋದ ಮೇಲೆ ಈ ಸಲ ಚಿತ್ರವನ್ನು ಇಬ್ಬರೂ ಕೂತು ನೋಡಿದರು. ಕೊನೆಯ ಸುತ್ತಿನಲ್ಲಿ ಅವಳ ಬೆರಳು ಹಳೇ ಚಾಳಿಗೆ ಹೊರಳಿದಾಗಲೆಲ್ಲ ಅವಳೇ ತನ್ನ ಕೈಗೆ ಒಂದೇಟು ಕೊಟ್ಟುಕೊಳ್ಳುತ್ತಿದ್ದಳು. ಹೊಸ ಗಂಟು ಕೈಗೆ ಕೂರಲು ಎಂಟು ದಿನ ಹಿಡಿಯಿತು. ಆರುನೂರ ಹದಿನಾರೂ ಮುಗಿಯಲು ಎರಡು ತಿಂಗಳು.

ಅಧಿಕಾರಿ ಮತ್ತೆ ಬರುವ ಹೊತ್ತಿಗೆ ಹದಿಮೂರು ತಿಂಗಳಾಗಿತ್ತು. ಈ ಸಲ ಅವರು ನೀರು ಕೇಳಲಿಲ್ಲ, ತಮ್ಮನೇ ತಂದುಕೊಟ್ಟ. ಕೊಕ್ಕೆ ತೆಗೆದು ಎರಡೂ ರೆಕ್ಕೆಗಳ ಮೇಲೆ ಅಲ್ಲಲ್ಲಿ ಸಿಕ್ಕಿಸಿ ಇಪ್ಪತ್ತು ಗಂಟು ಜಗ್ಗಿ ನೋಡಿದರು. ಒಂದೂ ಮಿಸುಕಲಿಲ್ಲ. ಆಮೇಲೆ ಹೊಸ ಅರ್ಜಿಯನ್ನು ಮೇಜಿನ ಮೇಲೆ ಹರಡಿ, ಪೆನ್ನು ಬಿಚ್ಚಿ, ಅಕ್ಕ ತಮ್ಮ ಇಬ್ಬರ ಮುಖವನ್ನೂ ನೋಡಿದರು.

“ಕಟ್ಟಿದವರು?”

ಸೀಟಕ್ಕ ಬೇಕೆಂದೇ ಬಾಯಿ ಬಿಡಲಿಲ್ಲ. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

“ನಮ್ಮಕ್ಕ ಸಾರ್,” ಎಂದ ತಮ್ಮ. “ಪೂರ್ತಿ ಅವಳೇ. ನಾನು ಆಚೆ ಬದಿಯಿಂದ ಸೂಜಿ ವಾಪಸ್ ಕೊಡ್ತಿದ್ದೆ, ಅಷ್ಟೇ.”

ಅಧಿಕಾರಿ ಅವಳ ಹೆಸರನ್ನು ಬರೆದುಕೊಂಡರು. ವೃತ್ತಿ ಎಂಬಲ್ಲಿ ಅವಳು ಹೇಳಿದಂತೆ ಸೀಟು ಹೊಲಿಗೆ ಎಂದು ಬರೆದರು. ಸಹಾಯಕರು ಎಂಬಲ್ಲಿಗೆ ಬಂದು, ರೂಢಿಯಂತೆ, ಒಂದು ಗೀಟು ಎಳೆಯಲು ಪೆನ್ನು ಊರಿದರು.

ತಣ್ಣಗಾಗಿದ್ದ ಸಿಟ್ಟು ಸೀಟಕ್ಕನಿಗೆ ಮತ್ತೆ ಭಗ್ಗೆಂದಿತು. ಅಷ್ಟೇ! ಮೂವತ್ತು ವರ್ಷ ಅವಳು ಕೇಳಿದ್ದು ಇದೇ ಮಾತನ್ನು. ಅವಳೇನು, ಸೀಟು ಹೊಲಿಯುತ್ತಾಳೆ, ಅಷ್ಟೇ.

“ಅಷ್ಟೇ ಅಂದ್ರೆ ಏನೋ ಅರ್ಥ?” ಎಂದು ತಮ್ಮನ ಮೇಲೆ ಹರಿಹಾಯ್ದಳು. “ಸೂಜಿ ಒಂದು ಎಳೆಯಷ್ಟು ಓರೆ ಬಂದಿದ್ರೆ ನನ್ನ ಗಂಟು ಕೂರ್ತಿತ್ತಾ? ಆರುನೂರ ಹದಿನಾರು ಸಲ, ಅದೂ ಎರಡೆರಡು ಬಾರಿ. ನಿನ್ನ ಕೆಲಸಾನ ನೀನೇ ಅಷ್ಟೇ ಅಂದ್ರೆ ಬೇರೆಯವರು ಏನು ಅಂತಾರೆ?” ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. “ಆ ಜಾಗದಲ್ಲಿ ಗೀಟು ಹಾಕ್ಬೇಡಿ ಸಾರ್. ಇವನ ಹೆಸರು ಬರೀರಿ. ಏನು ಮಾಡಿದ ಅನ್ನೋದನ್ನೂ ಬರೀರಿ.”

ಆ ಜಾಗವನ್ನು ಯಾರೂ ತುಂಬುವುದಿಲ್ಲ, ತುಂಬಲೇಬೇಕೆಂಬ ನಿಯಮವೂ ಇಲ್ಲ ಎಂದರು ಅಧಿಕಾರಿ.

“ಅದಕ್ಕೇ ಹೇಳ್ತಿರೋದು,” ಎಂದಳು ಸೀಟಕ್ಕ.

ಅವರು ತಮ್ಮನ ಹೆಸರನ್ನು ಬರೆದು, ಅದರ ಮುಂದೆ ‘ಆಚೆ ಬದಿಯಿಂದ ಸೂಜಿ ಕೊಟ್ಟವರು’ ಎಂದು ಸೇರಿಸಿದರು. ಸೀಟಕ್ಕ ಮೇಜಿನ ಮೇಲೆ ಬಗ್ಗಿ ಅಕ್ಷರ ಅಕ್ಷರವನ್ನೂ ಓದಿದಳು. ಆಮೇಲೆ ಪೆನ್ನು ಇಸಿದುಕೊಂಡು ತನ್ನ ಸಹಿ ಹಾಕಿದಳು.